ಐದಕ್ಕೆ ಐದು ಅಂಕ ಬಂತು, ಓಆರ್‌ಎಸ್ ಕಲಸಲು ಬರಲಿಲ್ಲ

ಪ್ರಥಮ ಪಿಯು ಎರಡನೇ ಟೆಸ್ಟ್‌ನಲ್ಲಿ ಸೆಲ್ ಮೆಂಬ್ರೇನ್ ಮೇಲೆ ಐದು ಅಂಕದ ಪ್ರಶ್ನೆ ಬಂದಿತ್ತು. ಫ್ಲೂಯಿಡ್ ಮೊಸಾಯಿಕ್ ಮಾದರಿಯ ಚಿತ್ರ ಬರೆದೆ. 1972, ಸಿಂಗರ್ ಮತ್ತು ನಿಕಲ್ಸನ್ ಎಂದು ಸೇರಿಸಿದೆ. ವಿಸರಣೆ, ಅಭಿಸರಣೆ, ಆಕ್ಟಿವ್ ಟ್ರಾನ್ಸ್‌ಪೋರ್ಟ್ ಮೂರನ್ನೂ ವಿವರಿಸಿದೆ. ಐದಕ್ಕೆ ಐದು ಬಂತು. ಕೆಲವು ತಿಂಗಳ ನಂತರ, ಏಪ್ರಿಲ್‌ನಲ್ಲಿ, ನನ್ನ ಎರಡು ವರ್ಷದ ತಮ್ಮನಿಗೆ ಭೇದಿ ಶುರುವಾಯಿತು. ಆ ಐದು ಅಂಕ ಅವತ್ತು ಯಾವ ಉಪಯೋಗಕ್ಕೂ ಬರಲಿಲ್ಲ.

ನಮ್ಮ ಊರು ದೊಡ್ಡಬಳ್ಳಾಪುರ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಹಿಂದೆ ನಾವು. ಅವತ್ತು ಮಧ್ಯಾಹ್ನದೊಳಗೆ ಅವನಿಗೆ ಏಳೆಂಟು ಸಲ ಆಗಿತ್ತು. "ನೀರು ಕೊಟ್ಟಷ್ಟೂ ಜಾಸ್ತಿ ಹೋಗುತ್ತೆ, ಕೊಡಬೇಡ" ಎಂದರು ದಾದಿ. ಅಮ್ಮಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅಬ್ಬಾ ಮಗ್ಗ ನಿಲ್ಲಿಸಿ ಅಂಗಡಿಗೆ ಓಡಿ, ಹಣ್ಣಿನ ಚಿತ್ರದ ಮೇಲೆ ಓಆರ್‌ಎಸ್ ಎಂದು ದೊಡ್ಡದಾಗಿ ಬರೆದಿದ್ದ ಸಿಹಿ ಪಾನೀಯದ ಪ್ಯಾಕ್ ತಂದರು. ತಮ್ಮ ಇಷ್ಟಪಟ್ಟು ಕುಡಿದ. ಸಂಜೆಯ ಹೊತ್ತಿಗೆ ಭೇದಿ ಇನ್ನೂ ಹೆಚ್ಚಾಯಿತು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಸಿಸ್ಟರ್ ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಟ್ಟರು. ಮೇಲೆದ್ದ ಚರ್ಮ ನಿಧಾನವಾಗಿ ಇಳಿಯಿತು. ಡಾಕ್ಟರ್ ನೋಡಿ, ಮಗು ಕುಡಿಯುತ್ತಿದೆ, ಈಗ ಡ್ರಿಪ್ ಬೇಡ ಎಂದರು. ಸಿಸ್ಟರ್ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಪೂರ್ತಿ ಸುರಿದು ಕಲಸಿ, ಚಮಚವನ್ನು ನನ್ನ ಕೈಗೆ ಕೊಟ್ಟರು. "ಏನು ಓದ್ತಾ ಇದೀಯಮ್ಮ?" ಎಂದು ಕೇಳಿದರು. "ಪಿಸಿಎಂಬಿ" ಎಂದೆ. "ಹಾಗಾದ್ರೆ ಇದು ನಿನಗೆ ಗೊತ್ತಿರಬೇಕಲ್ಲ" ಎಂದು ಹೋದರು. ರಾತ್ರಿ ಎರಡು ಗಂಟೆಯವರೆಗೆ ಚಮಚ ಚಮಚವಾಗಿ ಕುಡಿಸುತ್ತಾ ಆ ಮಾತನ್ನೇ ಯೋಚಿಸುತ್ತಿದ್ದೆ.

ನನಗೆ ಗೊತ್ತಿರಬೇಕಿತ್ತು. ನಾವು ಓದಿದ್ದೆಲ್ಲಾ ಅವತ್ತು ಆ ಮಂಚದ ಮೇಲೇ ಇತ್ತು. ನಾಲ್ಕು ಬಗೆಯ ಅಂಗಾಂಶಗಳನ್ನು ನಾವು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೇವೆ. ಕರುಳಿನ ಒಳಗೋಡೆಯ ಒಂದೇ ಪದರದ ಅನುಲೇಪಕ ಅಂಗಾಂಶಕ್ಕೆ ಪೆಟ್ಟು ಬಿದ್ದಿತ್ತು. ರಕ್ತ ಸಂಯೋಜಕ ಅಂಗಾಂಶ ಎಂದು ಬರೆಯುತ್ತೇವಲ್ಲ, ಅದರ ನೀರೇ ಕಡಿಮೆಯಾಗುತ್ತಿತ್ತು. ಸ್ನಾಯು ಸೋತು ಅವನು ಕತ್ತು ಎತ್ತುತ್ತಿರಲಿಲ್ಲ. ನರ ಅಂಗಾಂಶಕ್ಕೂ ಬಿಸಿ ತಟ್ಟಿ ಮಂಪರು ಬಂದಿತ್ತು.

ಈಗ ದಾದಿಯ ಮಾತಿಗೆ ಬರೋಣ. ನೀರು ಬಿಡಿಸಿದ್ದು ತಪ್ಪು, ಆದರೆ ಅವರು ಕಂಡದ್ದು ಸುಳ್ಳಲ್ಲ. ಭೇದಿಯಲ್ಲಿ ಬರೀ ನೀರು ಕುಡಿಸಿದರೆ ಹೋಗುತ್ತಿರುವ ಉಪ್ಪಿನಂಶ ತುಂಬುವುದಿಲ್ಲ. ನೀರು ತಾನಾಗಿ ಜೀವಕೋಶದೊಳಗೆ ನುಗ್ಗುವುದಿಲ್ಲ, ಉಪ್ಪು ಸಕ್ಕರೆ ಹೋದ ಕಡೆ ಹಿಂಬಾಲಿಸುತ್ತದೆ. ಸಣ್ಣ ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಬಾಗಿಲಿದೆ. ಎರಡು ಸೋಡಿಯಂ ಅಯಾನುಗಳ ಜೊತೆ ಒಂದು ಗ್ಲೂಕೋಸ್ ಬಂದರೆ ಅದು ಎಲ್ಲವನ್ನೂ ಒಟ್ಟಿಗೆ ಒಳಗೆ ಬಿಡುತ್ತದೆ. ಕೋಶದ ಇನ್ನೊಂದು ಬದಿಯಲ್ಲಿ ನಾವು ಓದಿದ ಸೋಡಿಯಂ-ಪೊಟ್ಯಾಸಿಯಂ ಪಂಪ್ ಇದೆ. ಒಂದು ಎಟಿಪಿ ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಹೀಗೆ ಉಪ್ಪು ಸಕ್ಕರೆ ಒಳಗೆ ಸಾಗಿದಂತೆ ಅಭಿಸರಣೆಯಿಂದ ನೀರೂ ಬರುತ್ತದೆ. ಕಾಲರಾದ ವಿಷ ಕ್ಲೋರೈಡ್ ಮಾರ್ಗವನ್ನು ತೆರೆದಿಟ್ಟು ಕರುಳಿನಿಂದ ನೀರು ಹರಿಸುವಾಗಲೂ ಈ ಜೋಡಿ ಬಾಗಿಲು ಕೆಡುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಇದೊಂದರಿಂದಲೇ.

ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಸಾಗುತ್ತವೆ ಎಂದು 1960ರಲ್ಲಿ ಮೊದಲು ಹೇಳಿದವರು ರಾಬರ್ಟ್ ಕ್ರೇನ್. ಹನ್ನೊಂದು ವರ್ಷದ ನಂತರ, 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ, ಪಶ್ಚಿಮ ಬಂಗಾಳದ ಬನ್ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಸೇರಿಸಿದ ಪೊಟ್ಟಣಗಳನ್ನು ಮಾಡಿಸಿದರು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30 ಇದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ಸಿಂಗರ್, ನಿಕಲ್ಸನ್ ಹೆಸರು ನಮಗೆಲ್ಲ ಬಾಯಿಪಾಠ. ಇವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅಬ್ಬಾ ತಂದ ಪ್ಯಾಕ್‌ನ ವಿಷಯಕ್ಕೂ ಉತ್ತರ ಪೊರೆಯಲ್ಲೇ ಇದೆ. ಮಾವಿನ ಹೋಳಿಗೆ ಅಮ್ಮಿ ಉಪ್ಪು ಹಾಕಿಟ್ಟರೆ ಬೆಳಿಗ್ಗೆ ಭರಣಿಯಲ್ಲಿ ನೀರು ನಿಂತಿರುತ್ತದೆ. ಹೊರಗೆ ಗಾಢ ದ್ರಾವಣ ಇದ್ದರೆ ನೀರು ಕೋಶದಿಂದ ಹೊರಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಅಡುಗೆ ಉಪ್ಪು 2.6 ಗ್ರಾಂ. ಸಾಮಾನ್ಯ ಕೋಲಾದಲ್ಲಿ ಲೀಟರಿಗೆ 100 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಅಷ್ಟು ಸಿಹಿಯಾದದ್ದು ಕರುಳಿಗೆ ಹೋದರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದು ಇದಕ್ಕೇ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು ಆದೇಶಿಸಿತು. ಒಳ್ಳೆಯದಾಯಿತು. ಆದರೆ ಆದೇಶ ಬಂದ ಮಾತ್ರಕ್ಕೆ ಪ್ಯಾಕ್ ತಿರುಗಿಸಿ ಓದುವ ಅಭ್ಯಾಸ ನಮಗೆ ಬಂದುಬಿಡುವುದಿಲ್ಲ.

ನನ್ನ ದೂರು ಪಾಠದ ಬಗ್ಗೆ. ನಮ್ಮ ಪಿಯು ಜೀವಶಾಸ್ತ್ರಕ್ಕೆ ಎನ್‌ಸಿಇಆರ್‌ಟಿ ಪುಸ್ತಕ. 2022ರಲ್ಲಿ ಹೊರೆ ಇಳಿಸಬೇಕೆಂದು ಅವರು 11ನೇ ತರಗತಿಯ ಪುಸ್ತಕದಿಂದ ಜೀರ್ಣಕ್ರಿಯೆ ಮತ್ತು ಹೀರಿಕೆಯ ಅಧ್ಯಾಯವನ್ನೇ ತೆಗೆದರು. ಅಭಿಸರಣೆಯನ್ನು ಬಿಡಿಸಿ ಹೇಳುತ್ತಿದ್ದ ಸಸ್ಯಗಳಲ್ಲಿ ಸಾಗಣೆಯ ಅಧ್ಯಾಯವೂ ಹೋಯಿತು. ನನ್ನ ಆಪಾ ಓದಿದ ಹಳೆಯ ಪುಸ್ತಕದಲ್ಲಿ ಇವೆರಡೂ ಇವೆ. ಈಗ ಪೊರೆಯ ಸಾಗಣೆಗೆ ಉಳಿದಿರುವುದು ಕೋಶದ ಅಧ್ಯಾಯದ ಕೆಲವು ಸಾಲು. ಪುಸ್ತಕ ಹಗುರವಾಯಿತು, ನಿಜ. ಆದರೆ ಕರುಳನ್ನು ಯಾರ ಹೊಟ್ಟೆಯಿಂದಲೂ ತೆಗೆಯಲು ಆಗುವುದಿಲ್ಲ.

"ಸಿಇಟಿ, ನೀಟ್‌ಗೆ ಬರದಿದ್ದರೆ ಯಾಕೆ ಓದಬೇಕು?" ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬಂದು, ಸಂಜೆ ಟ್ಯೂಷನ್ ಮುಗಿಸಿ ಹೋಗುವ ನಮಗೆ ಸಮಯ ಇಲ್ಲ. ಅದಕ್ಕೇ ನಾನು ಕೇಳುವುದು ಒಂದು ಅಧ್ಯಾಯವನ್ನಲ್ಲ, ಒಂದು ಪೀರಿಯಡ್ ಮಾತ್ರ. ಬೇಸಿಗೆಗೆ ಮುಂಚೆ, ಲ್ಯಾಬ್‌ನಲ್ಲಿ, ಪ್ರಥಮ ಪಿಯುನ ಪ್ರತಿಯೊಬ್ಬರೂ ಒಂದು ಲೀಟರ್ ಓಆರ್‌ಎಸ್ ಕಲಸಲಿ. ಆರ್ಟ್ಸ್, ಕಾಮರ್ಸ್‌ನವರೂ ಬರಲಿ. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದಾರೆ.

ಅಲ್ಲಿಯವರೆಗೆ ಇಷ್ಟನ್ನು ಮನೆಯಲ್ಲಿ ಹೇಳಿ. ಪೊಟ್ಟಣ ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕುದಿಸಿ ಆರಿಸಿದ ನೀರನ್ನು ಪೊಟ್ಟಣದ ಮೇಲೆ ಬರೆದಷ್ಟೇ ಅಳೆದು, ಪೂರ್ತಿ ಪೊಟ್ಟಣ ಹಾಕಿ. ಲೋಟಕ್ಕೆ ಸ್ವಲ್ಪ ಸುರಿದು ಕಲಸಬೇಡಿ, ಗಾಢವಾದರೆ ತೊಂದರೆ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಪೊಟ್ಟಣ ಸಿಗದೇ ಹೋದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ತಾಯಿ ಹಾಲು ನಿಲ್ಲಿಸಬೇಡಿ. ಮಗು ಕುಡಿಯದಿದ್ದರೆ, ಮಂಪರಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ತಮ್ಮ ಮೂರನೇ ದಿನ ಎದ್ದು ಮಗ್ಗದ ಕೋಣೆಗೆ ಓಡಿದ. ದಾದಿಗೆ ನಾನು ಸೋಡಿಯಂ, ಗ್ಲೂಕೋಸ್ ಎಂದಾಗ ಅವರು ಕಿವಿಗೊಡಲಿಲ್ಲ. ಉಪ್ಪಿನಕಾಯಿ ಭರಣಿ ತೋರಿಸಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದರು. ಹೇಳಬೇಕಿತ್ತು ದಾದಿ, ಆದರೆ ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.