ವಾಹನ ಪರೀಕ್ಷೆಯೂ ಕಿರುದೋಷಗಳೂ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹೆದ್ದಾರಿಯಲ್ಲಿ ಸುಗ್ಗಿಯ ರಾತ್ರಿ ಸಂಚರಿಸಿದವರು ಇದನ್ನು ಬಲ್ಲರು: ಭತ್ತ ಹೇರಿದ ಲಾರಿಯ ಹಿಂದೀಪ ಉರಿಯದು, ಇದಿರು ಬರುವ ಕಾರಿನ ದೀಪವೋ ನೇರವಾಗಿ ಕಣ್ಣಿಗೇ ಹೊಡೆಯುವುದು. ಇವನ್ನು ಕಿರುದೋಷಗಳೆಂದು ಕರೆಯುವ ವಾಡಿಕೆಯುಂಟು. ಆ ಮಾತು ದುರಸ್ತಿಯ ವೆಚ್ಚಕ್ಕೆ ಸಲ್ಲಬಹುದೇ ಹೊರತು ಅಪಾಯಕ್ಕೆ ಸಲ್ಲದು.

ಬಾಡಿಗೆಯ ಹಾಗೂ ಸರಕಿನ ವಾಹನಕ್ಕೆ ಅರ್ಹತಾಪತ್ರವನ್ನು ನಿರಾಕರಿಸಿದಲ್ಲಿ, 1988ರ ಮೋಟಾರು ವಾಹನ ಅಧಿನಿಯಮದ 56ನೆಯ ಪ್ರಕರಣದಂತೆ ಅಧಿಕಾರಿಯು ಕಾರಣಗಳನ್ನು ಬರೆಹದಲ್ಲಿ ತಿಳಿಸತಕ್ಕದ್ದು. ಸ್ವಂತದ ಕಾರಿಗಾದರೋ 15 ವರ್ಷ ತುಂಬಿ ನೋಂದಣಿಯನ್ನು ನವೀಕರಿಸುವಾಗ ಪರೀಕ್ಷೆಯ ಪ್ರಸಂಗ ಬರುವುದು. ಗಾಡಿಯನ್ನೂ ಹಣವನ್ನೂ ದಲ್ಲಾಳಿಗೆ ಒಪ್ಪಿಸಿ ಚಹದಂಗಡಿಯಲ್ಲಿ ಕುಳಿತ ಮಾಲೀಕನಿಗೆ ತನ್ನ ಗಾಡಿಯ ದೋಷವೇನೆಂಬುದು ತಿಳಿಯುವುದೆಂತು?

ತಿಳಿದರೆ ಕೆಲಸ ಸುಲಭ. ಗಾಡಿಯನ್ನು ಸಮನೆಲದಲ್ಲಿ ಗೋಡೆಗೆ ಇದಿರಾಗಿ ನಿಲ್ಲಿಸಿ, ದೀಪದ ಹಿಂದಣ ತಿರುಪಿನಿಂದ ಬೆಳಕನ್ನು ತಗ್ಗಿಸಬಹುದು. ಹಿಂಬದಿಗೆ ಭಾರ ಬಿದ್ದಾಗ ಮೂತಿ ಮೇಲೆದ್ದು ಬೆಳಕೂ ಏರುವುದೆಂಬುದನ್ನು ಮರೆಯಕೂಡದು. ಹಿಂದೀಪ ಆರಿದ್ದರೆ ಬಲ್ಬನ್ನು ಮಾತ್ರವಲ್ಲ, ಗದ್ದೆಯ ಕೆಸರಿನಿಂದ ತುಕ್ಕು ಹಿಡಿದಿರಬಹುದಾದ ತಂತಿಯ ಜೋಡಣೆಯನ್ನೂ ನೋಡಬೇಕು. ಟಯರಿನ ಗೀರುಗಳ ಆಳವು 1.6 ಮಿಲಿಮೀಟರಿಗೆ ಕಡಮೆಯಿರಕೂಡದೆಂಬುದು ನಿಯಮ. ಒಂದೇ ಪಕ್ಕ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟನ್ನು ಸರಿಪಡಿಸದೆ ಹೊಸ ಟಯರು ಹಾಕುವುದು ಹಣವನ್ನು ಹಳ್ಳಕ್ಕೆ ಚೆಲ್ಲಿದಂತೆ.

ಪರೀಕ್ಷೆಯ ದಿನಕ್ಕೆಂದು ಎರವಲು ಟಯರು ತೊಡಿಸಿ, ಮರುದಿನವೇ ಹಳೆಯದಕ್ಕೆ ಮರಳುವ ಜಾಣರೂ ಉಂಟು. ಅವರು ಮೋಸಗೊಳಿಸುವುದು ಇನ್‌ಸ್ಪೆಕ್ಟರನ್ನಲ್ಲ. ಆ ಗಾಡಿಯಲ್ಲಿ ಕುಳಿತ ತಮ್ಮವರನ್ನೇ. ದೋಷಗಳ ಪಟ್ಟಿಯು ಕನ್ನಡದಲ್ಲಿ, ಮಾಲೀಕನ ಕೈಗೇ ಸೇರುವಂತೆ ಸಾರಿಗೆ ಇಲಾಖೆಯು ಏರ್ಪಡಿಸಬೇಕೆಂದು ನಾವು ಕೋರುತ್ತೇವೆ.