ಹಳೆಯ ಜೀಪು, ಹೊಸ ಥಾರ್

ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದಕ್ಕೆ ಹೋಗಿದ್ದಾಗ ನಮಗೆ ಒಂದೇ ದಿನ ಎರಡು ಬಂಡಿಗಳಲ್ಲಿ ಕುಳಿತುಕೊಳ್ಳುವ ಅವಕಾಶ ಒದಗಿತು. ಒಂದು, ಎಂ.ಎಂ. 540 ಎಂಬ ಹಳೆಯ ಮಹೀಂದ್ರ ಜೀಪು. ಮತ್ತೊಂದು, 2020ರಲ್ಲಿ ಹೊಸ ರೂಪ ತಳೆದ ಥಾರ್. “ಇದು ಬರೀ ಷೋಕಿಗೆ ಸ್ವಾಮಿ, ಕೆಲಸಕ್ಕೆ ಅದೇ ಆಗಬೇಕು” ಎಂದು ಚಾಲಕನು ಹಳೆಯ ಜೀಪಿನ ಕಡೆಗೆ ಕೈ ತೋರಿದನು. ಮಲೆನಾಡಿನಲ್ಲಿ ಈ ಮಾತನ್ನು ಕೇಳದವರು ವಿರಳ. ಅದರಲ್ಲಿ ಎಷ್ಟು ಸತ್ಯವಿದೆ, ಎಷ್ಟು ಮಮತೆಯಿದೆ ಎಂಬುದನ್ನು ಭೌತಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡುವುದು ಉಚಿತವೆಂದು ನಮಗೆ ತೋರಿತು.

ಎರಡೂ ಒಂದೇ ವಂಶದವು. ಎರಡನೆಯ ಮಹಾಯುದ್ಧಕ್ಕಾಗಿ 1941ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ವಿಲ್ಲಿಸ್ ಜೀಪು ಇವುಗಳ ಮೂಲಪುರುಷ. ಅದರ ಶಕ್ತಿ 60 ಅಶ್ವಶಕ್ತಿ. ಇಂದಿನ ಡೀಸೆಲ್ ಥಾರಿನದು ಸುಮಾರು 130. ಆದರೆ ಕೆಸರಿನ ದಾರಿಯಲ್ಲಿ ಶಕ್ತಿಯೊಂದೇ ಸಾಲದು. ಗಾಲಿಗೂ ನೆಲಕ್ಕೂ ನಡುವೆ ಇರುವ ಘರ್ಷಣೆಯು ಎಷ್ಟನ್ನು ತಾಳಬಲ್ಲುದೋ ಅಷ್ಟು ಬಲ ಮಾತ್ರ ಬಂಡಿಯನ್ನು ಮುಂದಕ್ಕೆ ನೂಕುತ್ತದೆ.

ಇಲ್ಲಿಯೇ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಜೋಡಣೆಯ ಪಾತ್ರವಿದೆ. ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ದೂರ ಓಡಬೇಕಾದುದರಿಂದ ಈ ಜೋಡಣೆ ಅವಶ್ಯಕ. ಆದರೆ ಅದು ಎರಡು ಗಾಲಿಗಳಿಗೂ ಸಮವಾದ ತಿರುಗುಬಲವನ್ನೇ ಹಂಚುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ. ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ದೊರೆಯುತ್ತದೆ. ಪರಿಣಾಮವಾಗಿ ಒಂದು ಗಾಲಿ ಗಿರ್ರನೆ ತಿರುಗುತ್ತಿದ್ದರೂ ಬಂಡಿ ನಿಂತಲ್ಲೇ ನಿಲ್ಲುತ್ತದೆ. ಅನುಭವಿಗಳಾದ ಹಳೆಯ ಚಾಲಕರು ಇಂತಹ ವೇಳೆಯಲ್ಲಿ ಇಂಜಿನ್ನಿನ ವೇಗವನ್ನು ಕಾಯ್ದುಕೊಂಡೇ ಬ್ರೇಕನ್ನು ಹಗುರವಾಗಿ ಒತ್ತುವುದುಂಟು. ಜಾರುವ ಗಾಲಿಗೆ ತಡೆ ಹೆಚ್ಚಿದೊಡನೆ ಇನ್ನೊಂದು ಗಾಲಿಗೆ ಬಲ ಹರಿಯುತ್ತದೆ. ಹೊಸ ಥಾರಿನ ಕೆಲವು ಮಾದರಿಗಳು ಮಾಡುವುದೂ ಇದನ್ನೇ. ಗಾಲಿಗಳ ವೇಗವನ್ನು ಅಳೆದು, ಜಾರುವ ಗಾಲಿಯೊಂದಕ್ಕೆ ಮಾತ್ರ ಬ್ರೇಕು ಬೀಳುವಂತೆ ಅಲ್ಲಿ ವಿದ್ಯುನ್ಮಾನ ಸಾಧನವು ನೋಡಿಕೊಳ್ಳುತ್ತದೆ. ಚಾಲಕನ ಕಾಲಿನಲ್ಲಿದ್ದ ಜಾಣ್ಮೆ ಯಂತ್ರಕ್ಕೆ ಬಂದಿದೆ ಎನ್ನಬಹುದು. ಇದನ್ನು ಷೋಕಿ ಎಂದು ಕರೆಯುವುದು ನ್ಯಾಯವಲ್ಲ.

ಮುಂದಿನ ಪ್ರಶ್ನೆ ಉರುಳುವುದರದು. ಮೂಲ ಜೀಪಿನಲ್ಲಿ ಎಡಬಲ ಗಾಲಿಗಳ ಅಂತರ ಸುಮಾರು 1.25 ಮೀಟರು, ಹೊಸ ಥಾರಿನಲ್ಲಿ ಸುಮಾರು 1.5 ಮೀಟರು. ಗುರುತ್ವಕೇಂದ್ರವು ಎರಡರಲ್ಲಿಯೂ ನೆಲದಿಂದ 70 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಿಂತ ಬಂಡಿಯನ್ನು ಪಕ್ಕಕ್ಕೆ ಓರೆಮಾಡಿದರೆ ಮೊದಲನೆಯದು ಸುಮಾರು 42 ಡಿಗ್ರಿಗೆ, ಎರಡನೆಯದು ಸುಮಾರು 47 ಡಿಗ್ರಿಗೆ ಉರುಳುತ್ತದೆ. ಈಗ ಹಳೆಯ ಜೀಪಿನಲ್ಲಿ ಹನ್ನೆರಡು ಆಳುಗಳು ಕೂತು, ನಿಂತು, ಹಿಂಬದಿಗೆ ಜೋತುಬಿದ್ದರೆನ್ನಿ. ಗುರುತ್ವಕೇಂದ್ರವು 90 ಸೆಂಟಿಮೀಟರಿಗೆ ಏರಿದರೆ ಆ ಕೋನ 35 ಡಿಗ್ರಿಗೆ ಇಳಿಯುತ್ತದೆ. ಓಡುತ್ತಿರುವ ಬಂಡಿಯಲ್ಲಿ, ಅದರಲ್ಲಿಯೂ ತಿರುವಿನಲ್ಲಿ, ಇನ್ನೂ ಬೇಗನೆ ಅನಾಹುತ ಸಂಭವಿಸುತ್ತದೆ. ತೋಟದ ದಾರಿಗಳಲ್ಲಿ ಪ್ರತಿದಿನವೂ ಕಾಣುವ ನೋಟ ಇದೇ ಅಲ್ಲವೇ? ನಡುಪಟ್ಟಿಯೂ ಇಲ್ಲದ ಬಂಡಿಯಲ್ಲಿ ಹೀಗೆ ಹೋಗುವವರು ಮಾಲೀಕರಲ್ಲ, ದಿನಗೂಲಿಯ ಹೆಣ್ಣುಮಕ್ಕಳು. ಹೊಸ ಥಾರಿಗೆ ‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆಯ 2020ರ ಡಿಕ್ಕಿ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರಗಳು ದೊರೆತವು. ಈ ಒಂದು ವಿಷಯದಲ್ಲಿ ಹಳೆಯದರ ಪರವಾಗಿ ವಾದಿಸಲು ನಮಗೆ ಮನಸ್ಸು ಬಾರದು.

ಆದರೆ ಹೊಸದನ್ನು ಕೊಂಡವರಿಗೂ ಒಂದು ಮಾತು ಹೇಳಬೇಕಾಗಿದೆ. ಗಂಟೆಗೆ 30 ಕಿಲೋಮೀಟರು ವೇಗದ ಬಂಡಿಯು ಬ್ರೇಕು ಹಿಡಿದಮೇಲೆ ಒಣ ರಸ್ತೆಯಲ್ಲಿ ಸುಮಾರು 5 ಮೀಟರಿನಲ್ಲಿ ನಿಲ್ಲಬಹುದು. ಘರ್ಷಣಾಂಕವು 0.3ಕ್ಕೆ ಇಳಿದ ಜಾರುನೆಲದಲ್ಲಿ ಅದಕ್ಕೆ ಸುಮಾರು 12 ಮೀಟರು ಬೇಕು. ಈ ಲೆಕ್ಕದಲ್ಲಿ ವೇಗವಿದೆ, ಘರ್ಷಣೆಯಿದೆ, ಗುರುತ್ವಾಕರ್ಷಣೆಯಿದೆ. ಬಂಡಿಯ ಬೆಲೆಯಾಗಲಿ ತಯಾರಾದ ವರ್ಷವಾಗಲಿ ಇಲ್ಲ. ಹೊಸ ಸಾಧನಗಳು ಇರುವ ಘರ್ಷಣೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆಯೇ ಹೊರತು ಇಲ್ಲದುದನ್ನು ಸೃಷ್ಟಿಸಲಾರವು.

ಹಾಗಾದರೆ ಚಾಲಕನ ಮಾತು ಪೂರ್ತಿ ಸುಳ್ಳೇ? ಅಲ್ಲ. ಹಳೆಯ ಜೀಪು ಕೆಟ್ಟರೆ ಊರಿನ ಮೆಕ್ಯಾನಿಕನು ಸ್ಪ್ಯಾನರು, ಸುತ್ತಿಗೆಗಳಿಂದಲೇ ಸರಿಪಡಿಸುತ್ತಿದ್ದನು. ಅದರ ರಚನೆ ಅವನ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಕ್ಕುತ್ತಿತ್ತು. ಹೊಸ ಬಂಡಿಯಲ್ಲಿ ದೋಷ ಎಲ್ಲಿದೆಯೆಂದು ತಿಳಿಯುವುದಕ್ಕೇ ಅನೇಕ ವೇಳೆ ಗಣಕಯಂತ್ರ ಬೇಕು. ಆಷಾಢದ ಮಳೆಯಲ್ಲಿ, ಪೇಟೆಯಿಂದ ಐವತ್ತು ಮೈಲಿ ದೂರದಲ್ಲಿ ಬಂಡಿ ನಿಂತವನ ಸಂಕಟ ಸಾಮಾನ್ಯವಾದುದಲ್ಲ. ದುರಸ್ತಿಯ ತಿಳಿವಳಿಕೆ, ಪರೀಕ್ಷಾ ಉಪಕರಣ ಮತ್ತು ಬಿಡಿಭಾಗಗಳು ಊರ ಮೆಕ್ಯಾನಿಕನಿಗೂ ಸುಲಭವಾಗಿ ದೊರೆಯುವಂತೆ ಮಾಡುವುದು ತಯಾರಕರ ಕರ್ತವ್ಯ. ಗಿರಾಕಿಗಳು ಬಣ್ಣ, ಆಸನಗಳ ವಿಚಾರವನ್ನು ಕೇಳುವಷ್ಟೇ ಆಗ್ರಹದಿಂದ ಇದನ್ನೂ ಕೇಳಬೇಕು.

ಹಳೆಯ ಜೀಪನ್ನು ಪ್ರೀತಿಸಬೇಡಿರೆಂದು ನಾವು ಹೇಳುವುದಿಲ್ಲ. ಅದು ಗೊಬ್ಬರ ಹೊರಲಿ, ಸೌದೆ ಹೊರಲಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಲಿ. ಆದರೆ ಮನುಷ್ಯರನ್ನು ಕೂರಿಸುವಾಗ ಮಮತೆಯನ್ನು ಬದಿಗಿಟ್ಟು ಲೆಕ್ಕವನ್ನು ನೋಡುವುದೇ ವಿವೇಕವೆಂದು ನಮ್ಮ ಅಭಿಪ್ರಾಯ.