ದೋಣಿಯಲ್ಲಿ ಯಾರಿಗೆ ಜಾಗ?

ನನ್ನ ಅವ್ವ ಹುಟ್ಟಿದ ಊರು ನೀರಿನೊಳಗಿದೆ. ಕವಿಗಳು ಹೇಳುವ ರೀತಿಯಲ್ಲಿ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿ ಹತ್ತಿರ ಕಪಿಲೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಹೊಲ, ಗುಡಿ, ಹುಣಸೇಮರ, ತಾತನ ಸಮಾಧಿ ಎಲ್ಲವೂ ಕಬಿನಿ ಹಿನ್ನೀರಿನ ಪಾಲಾದವು. ಎಂಬತ್ತು ತುಂಬಿದ ಮೇಲೆ ಅವ್ವ ಒಂದೇ ಹಟ ಹಿಡಿದಳು: 'ಸಾಯೋದ್ರೊಳಗೆ ಒಂದ್ಸಲ ನಮ್ಮೂರ ಮ್ಯಾಲೆ ದೋಣೀಲಿ ಹೋಗಿ ಬರಬೇಕು ಕಣಪ್ಪ.'

ಎಷ್ಟು ಸಣ್ಣ ಆಸೆ ನೋಡಿ! ಕಾಶಿಯಲ್ಲ, ರಾಮೇಶ್ವರವಲ್ಲ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ವಾಪಸು ಬರಬಹುದಾದ ದೂರ. ನಾನೂ ಹುಮ್ಮಸ್ಸಿನಿಂದ ಕಾಗದ ಪೆನ್ಸಿಲು ಹಿಡಿದು ಕೂತೆ. ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಜಲಾಶಯ ತುಂಬಿ ಅಂಚೇ ಕಾಣುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ನೀರು ಇಳಿಯುತ್ತದೆ, ಇಳಿದಲ್ಲಿ ಹಸಿರು ಹುಲ್ಲು ಚಿಗುರುತ್ತದೆ, ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತಿ ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುತ್ತವೆ. ಅವ್ವನ ಊರಿನ ಬಳಿಯ ದಿಣ್ಣೆ ತಲೆ ಎತ್ತುವುದೂ ಆಗಲೇ. ಆದ್ದರಿಂದ ಏಪ್ರಿಲ್ ಎಂದು ಬರೆದುಕೊಂಡೆ. ಅಲ್ಲಿಗೆ ನನ್ನ ಯೋಜನೆಯ ಸುಲಭದ ಭಾಗ ಮುಗಿಯಿತು.

ಈ ನೀರಿನ ಒಂದು ದಡ ನಾಗರಹೊಳೆ, ಇನ್ನೊಂದು ದಡ ಬಂಡೀಪುರ. ಎರಡೂ ರಾಷ್ಟ್ರೀಯ ಉದ್ಯಾನಗಳು, ಹುಲಿಗಳಿಗೆಂದು ಕಾಯ್ದಿಟ್ಟ ಕಾಡುಗಳು. ಮನಸ್ಸಿಗೆ ಬಂದವರೆಲ್ಲ ತೆಪ್ಪ ಹಾಕಿಕೊಂಡು ಹೋಗುವಂತಿಲ್ಲ, ಹೋಗಲೂಬಾರದು. ದಿನಕ್ಕೆ ಇಷ್ಟೇ ದೋಣಿ, ದೋಣಿಗೆ ಇಷ್ಟೇ ಜನ ಎಂಬ ಮಿತಿ ಬೇಕು. ಹೀಗಾಗಿ ಮೂರು ನಾಲ್ಕು ಕಡೆ ವಿಚಾರಿಸಿದೆ. ಅವರ ಹೆಸರು ಬರೆಯುವುದಿಲ್ಲ; ನನ್ನ ಜಗಳವಿರುವುದು ಪದ್ಧತಿಯ ಮೇಲೆ. ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಉತ್ತರ: 'ರೂಮು ತಗೊಂಡಿದೀರಾ ಸಾರ್?' ರೂಮು ಬೇಡ, ದೋಣಿಯಲ್ಲಿ ಎರಡು ಸೀಟು ಸಾಕು ಎಂದೆ. 'ರೂಮಿನವರಿಗೆ ಕೊಟ್ಟು ಉಳಿದರೆ ನೋಡೋಣ ಸಾರ್. ಆ ದಿನ ಬಂದು ಕಾಯಬೇಕು.' ಏಪ್ರಿಲ್ ತಿಂಗಳಲ್ಲಿ ಉಳಿಯುತ್ತದೆಯೇ? 'ಹೇಳೋಕಾಗಲ್ಲ ಸಾರ್.' ರೂಮಿನ ಬಾಡಿಗೆ ಕೇಳಿದೆ. ಒಂದು ರಾತ್ರಿಗೆ ಅವರು ಹೇಳಿದ ಹಣದಲ್ಲಿ ನಮ್ಮೂರಿನ ಕೂಲಿಯವನ ಮನೆಯಲ್ಲಿ ಒಂದು ತಿಂಗಳು ಒಲೆ ಉರಿಯುತ್ತದೆ.

ಈಗ ಎರಡು ಬಗೆಯ ಜನ ನನ್ನನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡುತ್ತಾರೆಂದು ಬಲ್ಲೆ. ಮೊದಲನೆಯವರು 'ಹಾಗಾದರೆ ಮಿತಿಯನ್ನೇ ತೆಗೆದುಹಾಕಿ, ಎಲ್ಲರಿಗೂ ಬಿಡಿ' ಎನ್ನುವವರು. ಇವರ ಜೊತೆ ನಾನಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಜಲಾಶಯದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತದ್ದನ್ನು ಯಾರೂ ಮರೆಯಬಾರದು. ಪ್ರಾಣಿ ನೋಡಲು ಜನ ಒಂದೇ ಪಕ್ಕಕ್ಕೆ ನುಗ್ಗಿದ್ದರೆಂದು ಆಗಿನ ಪತ್ರಿಕೆಗಳು ಬರೆದವು. ಸೀಟಿನ ಲೆಕ್ಕ ಎನ್ನುವುದು ನೀರಿನ ಮೇಲೆ ಜೀವದ ಲೆಕ್ಕ. ಮನುಷ್ಯನ ಜೀವದ ಮಾತು ಹಾಗಿರಲಿ, ಮರಿ ಕಟ್ಟಿಕೊಂಡು ನೀರಿಗಿಳಿದ ಆನೆಗೆ ಸುತ್ತ ಹತ್ತು ಎಂಜಿನುಗಳು ಗುಡುಗಿದರೆ ಅದಕ್ಕೆ ಅದು ಉದ್ಯಾನವೇ? 2012ರಲ್ಲಿ ಸುಪ್ರೀಂ ಕೋರ್ಟು ಹುಲಿಗಳ ತಿರುಳು ಕಾಡಿನಲ್ಲಿ ಪ್ರವಾಸೋದ್ಯಮವನ್ನೇ ಕೆಲಕಾಲ ತಡೆಹಿಡಿದಿತ್ತು. ಆಮೇಲೆ ಬಂದ ಮಾರ್ಗಸೂಚಿಯಲ್ಲಿ ತಿರುಳಿನ ಶೇಕಡ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಕೂಡದೆಂದು ಗೆರೆ ಎಳೆದರು. ಆ ಗೆರೆ ಇರಲಿ. ಇನ್ನೂ ಬಿಗಿ ಮಾಡಿದರೂ ನಾನು ಕೈ ಎತ್ತುತ್ತೇನೆ.

ಎರಡನೆಯವರು ನಯವಾದ ಜನ. ಅವರೆನ್ನುತ್ತಾರೆ: 'ಸೀಟು ಕಡಿಮೆ, ಕೇಳುವವರು ಹೆಚ್ಚು. ಹೆಚ್ಚು ಕೊಟ್ಟವನಿಗೆ ಹೋಗುವುದು ಲೋಕರೂಢಿ. ಆ ಹಣದಿಂದಲೇ ಕಾಡು ಉಳಿಯುವುದು.' ನಾನು ಮುಖ್ಯವಾಗಿ ಜಗಳಕ್ಕೆ ನಿಂತಿರುವುದು ಇವರ ಜೊತೆ. ಸ್ವಾಮಿ, ಈ ನೀರು ಯಾರದು? ಸರ್ಕಾರದ್ದು, ಅಂದರೆ ಎಲ್ಲರದು. ಈ ಕಾಡು? ಅದೂ ಎಲ್ಲರದು. ಎಲ್ಲರ ಸೊತ್ತಿನಲ್ಲಿ ನೂರು ಸೀಟು ಮಾತ್ರ ಇರಲಿ ಎಂದು ಎಲ್ಲರ ಹೆಸರಿನಲ್ಲಿ ತೀರ್ಮಾನ ಮಾಡಿ, ಆಮೇಲೆ ಆ ನೂರನ್ನೂ ಮಂಚ ಹಾಸಿಗೆಗೆ ಗಂಟು ಹಾಕಿ ಮಾರಿದರೆ, ಮಿತಿ ಹಾಕಿದ್ದು ಜನಸಂಖ್ಯೆಗಲ್ಲ, ಬಡತನಕ್ಕೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಕಡಿಮೆ ಬಂದಾಗ ಹರಾಜು ಹಾಕುತ್ತೇವೆಯೆ? ಹಾಕಿದರೆ ಊರು ಸುಮ್ಮನಿರುತ್ತದೆಯೆ?

ಇದೇ ನೆಲದಲ್ಲಿ ಹಿಂದೆ ಏನಾಗುತ್ತಿತ್ತೆಂದು ನೆನಪಿಸಿಕೊಳ್ಳಿ. ಕಾಕನಕೋಟೆಯ ಖೆಡ್ಡಾಗೆ ವೈಸರಾಯರು ಬರುತ್ತಿದ್ದರು, ಪರದೇಶದ ರಾಜಕುಮಾರರು ಬರುತ್ತಿದ್ದರು. ಆನೆ ಅಟ್ಟಿ ಹೊಳೆ ದಾಟಿಸುತ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು. ಅಟ್ಟಣೆಯ ಮೇಲೆ ಕೂತು ನೋಡುತ್ತಿದ್ದವರು ಬೇರೆ. 1971ರಲ್ಲಿ ಕೊನೆಯ ಖೆಡ್ಡಾ ಆಯಿತು, ಮೂರು ವರ್ಷಕ್ಕೆ ನೀರು ಬಂತು. ರಾಜರು ಹೋದರು, ಅಟ್ಟಣೆ ಹೋಗಲಿಲ್ಲ. ಅದಕ್ಕೊಂದು ಎಂಜಿನು ಜೋಡಿಸಿ ನೀರಿಗೆ ಬಿಟ್ಟೆವು. 1996ರಲ್ಲಿ ನಾಗರಹೊಳೆಯೊಳಗೇ ತಾರಾ ಹೋಟೆಲು ಬರುತ್ತದೆಂದಾಗ ಅಲ್ಲಿನ ಆದಿವಾಸಿಗಳು ದಾರಿಗೆ ಅಡ್ಡ ಕೂತು ಚಳವಳಿ ಮಾಡಿದರು. 1997ರಲ್ಲಿ ಹೈಕೋರ್ಟು ಆ ಹೋಟೆಲನ್ನು ತಡೆಯಿತು. ಕಾಡನ್ನು ಕಾಯ್ದವರು ಯಾರು ಎಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ.

'ಸ್ಥಳೀಯರನ್ನು ಬಿಟ್ಟರೆ ಗಲಾಟೆ ಮಾಡುತ್ತಾರೆ, ಪ್ಲಾಸ್ಟಿಕ್ ಎಸೆಯುತ್ತಾರೆ' ಎನ್ನುವ ಮಾತನ್ನೂ ಕೇಳಿದ್ದೇನೆ. ಗಲಾಟೆಗೆ ಜಾತಿ, ಊರು, ವರಮಾನ ಇಲ್ಲ. ಅದಕ್ಕೆ ದಂಡವಿದೆ, ದಂಡ ಹಾಕಲಿ. ಆದರೆ ಕಾಡಂಚಿನ ಹುಡುಗನ ವಿಚಾರ ಸ್ವಲ್ಪ ಯೋಚಿಸಿ. ಅವನು ಆನೆಯನ್ನು ನೋಡುವುದು ರಾತ್ರಿ, ರಾಗಿ ಹೊಲದಲ್ಲಿ, ಅಪ್ಪ ತಮಟೆ ಬಡಿಯುತ್ತ ನಡುಗುತ್ತಿರುವಾಗ. ಹುಲಿಯ ಸುದ್ದಿ ಅವನಿಗೆ ತಿಳಿಯುವುದು ಕೊಟ್ಟಿಗೆಯ ಹಸು ಹೋದಾಗ. ಅದೇ ಆನೆ ಹಗಲಿನಲ್ಲಿ ಮರಿಗೆ ಸ್ನಾನ ಮಾಡಿಸುವುದನ್ನು ಅವನು ಕಂಡೇ ಇಲ್ಲ. ಅದನ್ನು ಕಾಣುವವನು ಎಲ್ಲಿಂದಲೋ ಬಂದು ಮರುದಿನ ಹೋಗುವವನು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಓಡಬೇಕಾದವನು ಆ ಹುಡುಗ. ಅವನಿಗೆ ಆನೆಯ ಶತ್ರುರೂಪ ಮಾತ್ರ ತೋರಿಸಿ, ಮಿತ್ರರೂಪವನ್ನು ದುಡ್ಡಿಗೆ ಮಾರಿದರೆ ಅವನು ಯಾಕಾದರೂ ಓಡಬೇಕು? 2025ರ ನವೆಂಬರಿನಲ್ಲಿ ಹುಲಿದಾಳಿಗೆ ಜನ ಬಲಿಯಾದಾಗ ಊರಿನವರ ಸಿಟ್ಟು ಸಫಾರಿಯ ಮೇಲೆ ತಿರುಗಿತು; ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಬೇಕಾಯಿತು. ಸಫಾರಿಯಿಂದಲೇ ಹುಲಿ ಹೊರಗೆ ಬಂತೋ ಇಲ್ಲವೋ ತಿಳಿದವರು ಹೇಳಲಿ. ಆ ಸಿಟ್ಟು ಮಾತ್ರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಇದೆಲ್ಲ ಆಗದ ಹೋಗದ ಮಾತು ಎನ್ನುವವರು ಗಲಪಗೋಸ್ ದ್ವೀಪಗಳನ್ನು ನೋಡಲಿ. ಅಲ್ಲಿ ಹೆಚ್ಚಾಗಿ ದೋಣಿಯಿಂದಲೇ ದ್ವೀಪ ದ್ವೀಪ ಸುತ್ತುತ್ತಾರೆ. ಒಬ್ಬ ಮಾರ್ಗದರ್ಶಿಯ ಹಿಂದೆ 16 ಜನಕ್ಕಿಂತ ಹೆಚ್ಚು ಹೋಗುವಂತಿಲ್ಲ. ಬಲು ಬಿಗಿ. ಆದರೆ 2024ರಲ್ಲಿ ಪ್ರವೇಶ ಶುಲ್ಕ ಏರಿಸಿದಾಗ ಪರದೇಶದವನಿಗೆ 200 ಡಾಲರ್ ಇಟ್ಟ ಈಕ್ವೆಡಾರ್ ಸರ್ಕಾರ ತನ್ನ ದೇಶದವನಿಗೆ ಇಟ್ಟಿದ್ದು 30 ಡಾಲರ್. ಮಿತಿಯೂ ಬೇಕು, ಮನೆಯವನೆಂಬ ಗುರುತೂ ಬೇಕು ಎಂಬ ಎರಡು ಮಾತನ್ನು ಒಟ್ಟಿಗೆ ಆಡಬಹುದೆಂದಾಯಿತು.

ಇನ್ನು ನನ್ನ ಕಥೆಗೆ ಬರುತ್ತೇನೆ, ಏಕೆಂದರೆ ಮುಚ್ಚಿಟ್ಟರೆ ಈ ಲೇಖನಕ್ಕೆ ಬೆಲೆಯಿಲ್ಲ. ಕೊನೆಗೆ ನಮಗೆ ಸೀಟು ಸಿಕ್ಕಿತು. ಹೇಗೆ? ನನ್ನ ಷಡ್ಡಕನಿಗೆ ಗೊತ್ತಿರುವ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿದರು. ಎರಡು ವಾರ 'ಹೇಳೋಕಾಗಲ್ಲ' ಎಂದಿದ್ದ ಸೀಟು ಹತ್ತು ನಿಮಿಷದಲ್ಲಿ ಹುಟ್ಟಿತು. ನಾನು ಬೇಡ ಎನ್ನಲಿಲ್ಲ. ಆ ಎರಡು ಸೀಟಿಗಾಗಿ ಯಾರು ದಡದಲ್ಲಿ ಉಳಿದರೋ ನನಗೆ ತಿಳಿಯದು. ಈ ಬರಹದ ಕೋಪದಲ್ಲಿ ಅರ್ಧ ಪಾಲು ನನ್ನ ಮೇಲೆಯೇ.

ದೋಣಿ ಹೊರಟಿತು. ಎಡದಡದಲ್ಲಿ ಆನೆಗಳು ಕಂಡವು, ಎಲ್ಲರೂ ಅತ್ತ ತಿರುಗಿದರು, ಕ್ಯಾಮೆರಾಗಳು ಸದ್ದು ಮಾಡಿದವು, ದೋಣಿಯವನು 'ಕೂತ್ಕೊಳ್ಳಿ, ಕೂತ್ಕೊಳ್ಳಿ' ಎಂದು ಕೂಗಿದ. ಅವ್ವ ಒಬ್ಬಳೇ ಬಲಕ್ಕೆ ಬಾಗಿ ನೀರು ನೋಡುತ್ತಿದ್ದಳು. ಒಂದು ಕಡೆ 'ಇಲ್ಲೇ ಇರಬೇಕು' ಎಂದಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಅರಿಸಿನ ಕುಂಕುಮ ಬಿಚ್ಚಿದಳು. ನೀರಿಗೆ ಏನೂ ಹಾಕಬಾರದೆಂದು ದೋಣಿಯವನು ಮೊದಲೇ ಹೇಳಿದ್ದ. ಅವಳು ನನ್ನ ಮುಖ ನೋಡಿದಳು, ಮತ್ತೆ ಗಂಟು ಹಾಕಿಕೊಂಡಳು. ನಿಯಮ ಪಾಲಿಸುವುದು ಹೇಗೆಂದು ಯಾರಾದರೂ ಕಲಿಯಬೇಕಾದರೆ ಅವಳಿಂದ ಕಲಿಯಬಹುದಿತ್ತು.

ನಾನು ಕೇಳುವುದು ಹೆಚ್ಚೇನಿಲ್ಲ. ಸೀಟಿನ ಸಂಖ್ಯೆ ಒಂದೂ ಹೆಚ್ಚಿಸಬೇಡಿ. ಇರುವುದರಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ರೂಮಿನ ಗಂಟಿನಿಂದ ಬಿಚ್ಚಿ, ತಿಂಗಳು ಮುಂಚೆ ಎಲ್ಲರೆದುರು ಚೀಟಿ ಎತ್ತಿ, ಹೆಸರು ಬರೆದು ಕೊಡಿ. ವಾರಕ್ಕೊಂದು ಬಾರಿ ಕಾಡಂಚಿನ ಶಾಲೆಯ ಮಕ್ಕಳಿಗೆ, ಹಾಡಿಯವರಿಗೆ, ಮುಳುಗಿದ ಊರಿನವರಿಗೆ ದೋಣಿ ಬಿಡಿ. ಪ್ರತಿದಿನ ಎಷ್ಟು ಸೀಟು ಯಾರ ಬಾಬ್ತು ಹೋಯಿತೆಂದು ದಡದಲ್ಲಿ ಹಲಗೆಯ ಮೇಲೆ ಬರೆಯಿರಿ, ಶಿಫಾರಸಿನದೂ ಬರೆಯಿರಿ. ಆ ಹಲಗೆಯಲ್ಲಿ ನನ್ನ ಹೆಸರಿದ್ದರೆ ನಾಚಿಕೆಯಿಂದ ಓದುತ್ತೇನೆ. ಆದರೆ ಮುಂದಿನ ಸಲ ಫೋನು ಮಾಡಿಸುವ ಮುಂಚೆ ಎರಡು ಬಾರಿ ಯೋಚಿಸುತ್ತೇನೆ, ನನ್ನಂಥವರೂ ಯೋಚಿಸುತ್ತಾರೆ.

ಮನೆಗೆ ಬಂದ ಮೇಲೆ ಅವ್ವ ಒಂದೇ ಪ್ರಶ್ನೆ ಕೇಳಿದಳು: 'ನಿಮ್ಮ ಚಿಕ್ಕವ್ವಂಗೂ ಒಂದು ಸೀಟು ಸಿಗ್ತದಾ?' ಚಿಕ್ಕವ್ವನ ಮಕ್ಕಳಿಗೆ ಫೋನು ಮಾಡಿಸುವವರು ಯಾರೂ ಗೊತ್ತಿಲ್ಲ. ಅವಳು ಹುಟ್ಟಿದ್ದೂ ಅದೇ ಊರಿನಲ್ಲಿ.